ನಾರ್ಕೊಂಡಮಿನ ಮಂಗಟ್ಟೆ: ಏಳು ಚದರ ಕಿಲೋಮೀಟರಿನ ಚರಿತ್ರೆ

ಕೇರಳದ ರಾಜ್ಯಪಕ್ಷಿ ಯಾವುದು ಅಂತ ನಮ್ಮ ಶಾಲೆಗಳಲ್ಲಿ ಕೇಳಿದರೆ ಮಕ್ಕಳು ‘ಮಲಮುಳಕ್ಕಿ ವೇಳಾಂಬಲ್’ ಎಂದು ಥಟ್ಟನೆ ಹೇಳುತ್ತಾರೆ. (ಕರ್ನಾಟಕದಿಂದ ತರಿಸಿದ ಗೈಡು ಓದಿದ ಮಗು ‘ನೀಲಕಂಠ’ ಎಂದು ಬರೆದು ಅಂಕ ಕಳಕೊಳ್ಳುವುದೂ ಉಂಟು. ಗಡಿಯ ಮಕ್ಕಳ ಕಷ್ಟವೇ ಬೇರೆ.) ಮಲೆಯಾಳದ ಈ ವೇಳಾಂಬಲನ್ನೇ ನಾವು ಕನ್ನಡದಲ್ಲಿ ಮಂಗಟ್ಟೆ ಅನ್ನುವುದು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದ ಹಾಗೆ ಕಾಣುವ, ಹಾರುವಾಗ ರೆಕ್ಕೆ ಬಡಿಯುವ ಸದ್ದು ದೂರಕ್ಕೆ ಕೇಳುವ ದೊಡ್ಡ ಹಕ್ಕಿ. ದೊಡ್ಡ ಮಂಗಟ್ಟೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕಡಿಮೆ. ಆದರೆ ಬೂದು ಬಣ್ಣದ ಸಣ್ಣ ಮಂಗಟ್ಟೆ ಕಾಡಂಚಿನ ತೋಟಗಳಿಗೆ ಬರುತ್ತದೆ. ಯಾರೋ ಕೆಟ್ಟದಾಗಿ ನಕ್ಕ ಹಾಗೆ ಅದರ ಕೂಗು. ಕೇಳಿದವರು ಮರೆಯುವುದಿಲ್ಲ.

ಭಾರತದಲ್ಲಿ ಒಟ್ಟು ಒಂಬತ್ತು ಜಾತಿಯ ಮಂಗಟ್ಟೆಗಳಿವೆ. ಪಶ್ಚಿಮ ಘಟ್ಟದ ಸೀಮೆಯಲ್ಲಿ ನಾಲ್ಕು. ಹಿಮಾಲಯದ ತಪ್ಪಲು ಮತ್ತು ಈಶಾನ್ಯದ ಕಾಡುಗಳಲ್ಲಿ ಬೇರೆ ಕೆಲವು. ಒಂಬತ್ತರಲ್ಲಿ ಒಂದು ಮಾತ್ರ ಈ ಯಾವ ಕಾಡಿನಲ್ಲೂ ಇಲ್ಲ. ಅದು ಇರುವುದು ಕಡಲ ನಡುವಿನ ಒಂದೇ ಒಂದು ಗುಡ್ಡದ ಮೇಲೆ. ಆ ಗುಡ್ಡದ ಹೆಸರು ನಾರ್ಕೊಂಡಮ್. ಲೋಕದಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ಅದರ ಚರಿತ್ರೆ ಬರೆಯಹೊರಟರೆ ಹಕ್ಕಿಗಿಂತ ಹೆಚ್ಚಾಗಿ ಅಲ್ಲಿಗೆ ಹೋಗಿ ಬಂದ ಮನುಷ್ಯರ ಚರಿತ್ರೆಯನ್ನೇ ಬರೆಯಬೇಕಾಗುತ್ತದೆ. ಹಕ್ಕಿ ತನ್ನ ಪಾಡಿಗೆ ತಾನು ಇದ್ದದ್ದೇ. ಬದಲಾದದ್ದೆಲ್ಲ ನಮ್ಮಿಂದ.

ಮೊದಲು ಜಾಗ ನೋಡೋಣ. ಅಂಡಮಾನ್ ಅಂದ ಕೂಡಲೆ ನಮಗೆ ನೆನಪಾಗುವುದು ಪೋರ್ಟ್ ಬ್ಲೇರ್, ಅಲ್ಲಿಯ ಸೆಲ್ಯುಲರ್ ಜೈಲು. ಆ ದ್ವೀಪಗಳ ಸಾಲು ಉತ್ತರ-ದಕ್ಷಿಣವಾಗಿ ಹರಡಿಕೊಂಡಿದೆ. ಉತ್ತರ ಅಂಡಮಾನಿನಿಂದ ಪೂರ್ವಕ್ಕೆ, ಬರ್ಮಾದ ಕಡೆಗೆ, ಸುಮಾರು 130 ಕಿ.ಮೀ. ಸಮುದ್ರ ದಾಟಿದರೆ ನೀರಿನಿಂದ ಒಮ್ಮೆಲೆ ಎದ್ದು ನಿಂತ ಹಸಿರು ಗೋಪುರದ ಹಾಗೆ ಈ ದ್ವೀಪ ಕಾಣುತ್ತದೆ. ಇದು ಒಂದು ಕಾಲದಲ್ಲಿ ಬೆಂಕಿ ಉಗುಳಿ ಈಗ ತಣ್ಣಗಾದ ಜ್ವಾಲಾಮುಖಿ. ತುದಿಯ ಎತ್ತರ ಸುಮಾರು 710 ಮೀಟರ್, ವಿಸ್ತೀರ್ಣ ಸುಮಾರು ಏಳು ಚದರ ಕಿ.ಮೀ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 1,700 ಎಕರೆ ಆಸುಪಾಸು. ಕಾಸರಗೋಡು ಕಡೆಯ ಒಂದು ಸಾಧಾರಣ ಪಂಚಾಯತಿನಲ್ಲಿ ಇಂಥದ್ದು ನಾಲ್ಕೈದು ದ್ವೀಪ ಹಿಡಿಸೀತು. ಬೆಳಿಗ್ಗೆ ಒಂದು ತುದಿಯಿಂದ ಹೊರಟವ ದಾರಿ ಸಮ ಇದ್ದರೆ ಕಾಫಿ ಹೊತ್ತಿಗೆ ಇನ್ನೊಂದು ತುದಿ ಮುಟ್ಟಬಹುದು. ಆದರೆ ಅಲ್ಲಿ ದಾರಿ ಸಮ ಇಲ್ಲ, ದಾರಿಯೇ ಇಲ್ಲ. ದಡದಿಂದಲೇ ಕಡಿದಾದ ಏರು, ಏರಿನ ತುಂಬ ಮರ.

ಹೆಸರಿನ ಬಗ್ಗೆ ಒಂದು ಹಳೆಯ ಊಹೆ ಉಂಟು. ನಾರ್ಕೊಂಡಮ್ ಅಂದರೆ ‘ನರಕಕುಂಡ’ ಅಂತೆ. ಇದರ ನೈರುತ್ಯಕ್ಕೆ ಇರುವ ಬ್ಯಾರನ್ ದ್ವೀಪ ಇವತ್ತಿಗೂ ಆಗಾಗ ಹೊಗೆ, ಬೆಂಕಿ ಕಾರುವ ಜ್ವಾಲಾಮುಖಿ. ನರಕಕುಂಡ ಎಂಬ ಹೆಸರು ನಿಜಕ್ಕೂ ಅದಕ್ಕೆ ಹೊಂದುತ್ತದೆ. ಹಳೆಯ ನಾವಿಕರ ಬಾಯಲ್ಲೋ ನಕ್ಷೆ ಬರೆದವರ ಕೈಯಲ್ಲೋ ಹೆಸರು ಅದಲುಬದಲಾಗಿ ಹಸಿರು ದ್ವೀಪಕ್ಕೆ ನರಕದ ಹೆಸರು ಅಂಟಿತು ಅನ್ನುತ್ತಾರೆ. ಇರಬಹುದು. ಹೆಸರು ಸಂಸ್ಕೃತದ್ದೇ ಆದರೆ, ನಮ್ಮ ನಾಡಿನ ಹಡಗಿನವರು ಬಹಳ ಹಿಂದೆಯೇ ಆ ದಾರಿಯಲ್ಲಿ ಓಡಾಡಿದ್ದಕ್ಕೆ ಅದೊಂದು ಸಣ್ಣ ಗುರುತೂ ಆಗುತ್ತದೆ.

ಈ ದ್ವೀಪ ಯಾವತ್ತೂ ಯಾವ ನೆಲಕ್ಕೂ ಅಂಟಿಕೊಂಡಿರಲಿಲ್ಲ. ಕಡಲ ತಳದಿಂದ ತಾನೇ ಎದ್ದು ಬಂದದ್ದು. ಆದ್ದರಿಂದ ಅಲ್ಲಿರುವ ಪ್ರತಿ ಗಿಡ, ಪ್ರತಿ ಹಕ್ಕಿಯ ಹಿರೀಕರು ಗಾಳಿಯಲ್ಲೋ ನೀರಿನಲ್ಲೋ ಹಾರಿಯೋ ಬಂದವರೇ ಆಗಿರಬೇಕು. ಮಂಗಟ್ಟೆಯೂ ಯಾವುದೋ ಕಾಲದಲ್ಲಿ ಪೂರ್ವದ ಬರ್ಮಾ ಕಡೆಯಿಂದ ಹಾರಿ ಬಂದು ನೆಲೆನಿಂತು, ಸಾವಿರ ಸಾವಿರ ತಲೆಮಾರು ಕಳೆದು ತನ್ನದೇ ಜಾತಿಯಾಯಿತು. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು: ಅಂಡಮಾನಿನ ಉಳಿದ ದ್ವೀಪಗಳಲ್ಲಿ ಎಷ್ಟೋ ದೊಡ್ಡ ಕಾಡುಗಳಿವೆ, ಅಲ್ಲಿ ಒಂದೇ ಒಂದು ಮಂಗಟ್ಟೆ ಇಲ್ಲ. ಕಣ್ಣಳತೆಯಲ್ಲಿ ಚುಕ್ಕೆಯಷ್ಟಿರುವ ಈ ಗುಡ್ಡದಲ್ಲಿ ಮಾತ್ರ ಇದೆ.

ಹಕ್ಕಿಯನ್ನು ವಿಜ್ಞಾನದ ಪಟ್ಟಿಗೆ ಸೇರಿಸಿದವ ಅಲನ್ ಒಕ್ಟೇವಿಯನ್ ಹ್ಯೂಮ್. ಚರಿತ್ರೆ ಪಾಠ ಮಾಡುವ ಮಾಸ್ತರರಿಗೆ ಈ ಹೆಸರು ಗೊತ್ತಿರಲೇಬೇಕು: 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಮುಖ್ಯನಾದ ಅದೇ ಹ್ಯೂಮ್. ಅದಕ್ಕೂ ಮೊದಲು ಆತ ಬ್ರಿಟಿಷ್ ಸರಕಾರದ ದೊಡ್ಡ ಅಧಿಕಾರಿ, ಅದರ ಜೊತೆಗೆ ಹಕ್ಕಿಗಳ ಹುಚ್ಚ. ‘ಸ್ಟ್ರೇ ಫೆದರ್ಸ್’ ಎಂಬ ಪಕ್ಷಿಶಾಸ್ತ್ರದ ಪತ್ರಿಕೆಯನ್ನೇ ಸ್ವಂತಕ್ಕೆ ನಡೆಸಿದ. 1873ರಲ್ಲಿ ಅಂಡಮಾನ್, ನಿಕೋಬಾರ್ ದ್ವೀಪಗಳನ್ನು ಸುತ್ತಿದಾಗ ನಾರ್ಕೊಂಡಮಿಗೂ ಹೋಗಿ, ಅಲ್ಲಿಯ ಮಂಗಟ್ಟೆ ಬೇರೆಯೇ ಜಾತಿ ಎಂದು ಗುರುತಿಸಿ ಅದೇ ವರ್ಷ ವಿವರಣೆ ಪ್ರಕಟಿಸಿದ. ಹಕ್ಕಿಯ ಶಾಸ್ತ್ರೀಯ ಹೆಸರಿನಲ್ಲೇ ದ್ವೀಪದ ಹೆಸರಿದೆ: ರೈಟಿಸೆರೋಸ್ ನಾರ್ಕೊಂಡಮಿ. ಹಕ್ಕಿ ತಿಳಿಯುವುದು ಅಂದರೆ ಆ ಕಾಲದಲ್ಲಿ ಗುಂಡು ಹೊಡೆದು ಚರ್ಮ ಸುಲಿದು ಪೆಟ್ಟಿಗೆಯಲ್ಲಿ ಇಡುವುದು. ಅದನ್ನು ಇವತ್ತಿನ ಕಣ್ಣಿನಿಂದ ನೋಡಿ ಬಯ್ಯುವುದರಲ್ಲಿ ಅರ್ಥವಿಲ್ಲ.

ಎರಡು ವರ್ಷ ಬಿಟ್ಟು, 1875ರಲ್ಲಿ, ಇದೇ ಹ್ಯೂಮ್ ನಮ್ಮ ಬದಿಯ ಲಕ್ಷದ್ವೀಪವನ್ನೂ ಸುತ್ತಿದ. ಅದರ ಅಮಿನಿದಿವಿ ದ್ವೀಪಗಳು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಕಾಸರಗೋಡೂ ಅದೇ ಜಿಲ್ಲೆ. ಹಕ್ಕಿಗಳ ಬಗ್ಗೆ ಒಂದು ಮಹಾಗ್ರಂಥ ಬರೆಯಬೇಕೆಂದು ಆತ ವರ್ಷಗಟ್ಟಲೆ ಟಿಪ್ಪಣಿ ಕೂಡಿಸಿಟ್ಟಿದ್ದ. ಒಂದು ಚಳಿಗಾಲ ಊರಿನಲ್ಲಿ ಇಲ್ಲದಾಗ ಶಿಮ್ಲಾದ ಮನೆಯ ಆಳು ಆ ಕಾಗದಗಳ ರಾಶಿಯನ್ನೆಲ್ಲ ರದ್ದಿಗೆ ಹಾಕಿಬಿಟ್ಟ. ಬಜಾರಿನಲ್ಲಿ ಸಾಮಾನು ಕಟ್ಟಲಿಕ್ಕೆ ಹೋಯಿತು ಒಬ್ಬನ ಜೀವಮಾನದ ಬರವಣಿಗೆ. ಹ್ಯೂಮ್‌ಗೆ ಮನಸ್ಸು ಮುರಿಯಿತು. ತಾನು ಕೂಡಿಸಿದ್ದ ಸಾವಿರಾರು ಹಕ್ಕಿಗಳ ಚರ್ಮ, ಮೊಟ್ಟೆಗಳನ್ನು ಬ್ರಿಟಿಷ್ ಮ್ಯೂಸಿಯಮಿಗೆ ಕೊಟ್ಟು ಹಕ್ಕಿ ಬಿಟ್ಟು ರಾಜಕೀಯ ಹಿಡಿದ. ವಾಚನಾಲಯ ನಡೆಸುವವರು ಹಳೆಯ ಕಾಗದ ತೂಕಕ್ಕೆ ಹಾಕುವ ಮೊದಲು ಈ ಕಥೆ ಒಂದು ಸಲ ನೆನೆಸಿಕೊಂಡರೆ ಒಳ್ಳೆಯದು.

ಹ್ಯೂಮ್ ಹೋದ ಮೇಲೆ ಸುಮಾರು ನೂರು ವರ್ಷ ದ್ವೀಪದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಎಲ್ಲೋ ಒಬ್ಬ ಪ್ರಕೃತಿಪ್ರೇಮಿ, ಎಲ್ಲೋ ಒಂದು ಹಡಗು. ಜನ ನೆಲೆಸಲಿಲ್ಲ. ಹಕ್ಕಿಯ ಪಾಲಿಗೆ ಅದೇ ಒಳ್ಳೆಯ ಕಾಲ. ಆ ನೂರು ವರ್ಷ ಅದು ಮಾಡಿದ್ದು ಏನು, ಅದರ ಸಂಸಾರ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಂದಿನ ಕಥೆಯ ಗಂಟು ಅಲ್ಲೇ ಇರುವುದು.

ಹಕ್ಕಿ ಸುಮಾರು ಎರಡು ಅಡಿ ಉದ್ದ. ನಮ್ಮ ದೊಡ್ಡ ಮಂಗಟ್ಟೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಮೈ ಮಿರಮಿರ ಕಪ್ಪು, ಬಾಲ ಅಚ್ಚ ಬಿಳಿ. ಗಂಡಿನ ತಲೆ ಮತ್ತು ಕತ್ತು ಇಟ್ಟಿಗೆ ಕೆಂಪು. ಹೆಣ್ಣಿಗೆ ತಲೆ ಕತ್ತು ಕೂಡಾ ಕಪ್ಪೇ. ಎರಡಕ್ಕೂ ಗಂಟಲಲ್ಲಿ ತೆಳು ನೀಲಿ-ಬಿಳಿ ಬಣ್ಣದ ಒಂದು ಚೀಲ. ಕೊಕ್ಕಿನ ಬುಡದಲ್ಲಿ ನೆರಿಗೆಗಳಿರುತ್ತವೆ, ವಯಸ್ಸು ಏರಿದ ಹಾಗೆ ನೆರಿಗೆ ಹೆಚ್ಚುತ್ತದೆ. ಜೋಡಿ ಕಟ್ಟಿಕೊಂಡರೆ ಒಟ್ಟಿಗೇ ಇರುತ್ತವೆ. ಹಣ್ಣಾದ ಮರ ಸಿಕ್ಕಿದರೆ ಹತ್ತಾರು ಹಕ್ಕಿ ಸೇರಿ ಗದ್ದಲವೋ ಗದ್ದಲ.

ಮಂಗಟ್ಟೆಗಳ ಗೂಡಿನ ಸಂಗತಿ ಹಕ್ಕಿಲೋಕದಲ್ಲೇ ಬೇರೆ. ಅವಕ್ಕೆ ಗೂಡು ಕಟ್ಟಲು ಬರುವುದಿಲ್ಲ, ಮರ ಕೊರೆಯಲೂ ಬರುವುದಿಲ್ಲ. ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಒಳಗೆ ಇಷ್ಟು ದೊಡ್ಡ ಹಕ್ಕಿ ಕೂರಬೇಕಾದರೆ ಮರ ಎಷ್ಟು ದಪ್ಪ ಇರಬೇಕು, ಎಷ್ಟು ಹಳೆಯದಿರಬೇಕು ಲೆಕ್ಕ ಹಾಕಿ. ಫೆಬ್ರವರಿ ಬಂತೆಂದರೆ ನಾರ್ಕೊಂಡಮಿನ ಹೆಣ್ಣು ಹಕ್ಕಿ ಇಂಥ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚುತ್ತದೆ. ಮೆತ್ತುವುದಕ್ಕೆ ತನ್ನ ಹಿಕ್ಕೆ, ಹಣ್ಣಿನ ಚರಟ, ಇಂಥದ್ದೇ. ಅದು ಒಣಗಿದರೆ ಗಾರೆ ಹಾಗೆ ಗಟ್ಟಿ. ಕೊಕ್ಕಿನ ತುದಿ ಹೊರಗೆ ಹಾಕುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಒಂದೆರಡು ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಹಾವು, ಉಡ ಹತ್ತಿರ ಬಂದರೂ ಒಳಗೆ ಬರಲಾರದು.

ಇನ್ನು ತಿಂಗಳುಗಟ್ಟಲೆ ಹೆಂಡತಿ ಮಕ್ಕಳ ಊಟ ಗಂಡನದ್ದೇ ಹೊಣೆ. ಬೆಳಗಾದರೆ ಹಣ್ಣಿನ ಮರಕ್ಕೆ ಹೋಗಿ ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು ಒಂದೊಂದಾಗಿ ಮೇಲಕ್ಕೆ ತಂದು ಆ ಸೀಳಿನಲ್ಲಿ ಕೊಡುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಮಂಗಟ್ಟೆಗಳಲ್ಲಿ ಹೆಣ್ಣು ಈ ಸಮಯದಲ್ಲಿ ರೆಕ್ಕೆ ಬಾಲದ ಗರಿಗಳನ್ನು ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುವುದು ಸಾಮಾನ್ಯ. ಅಂದರೆ ಬೇಕೆಂದರೂ ಹಾರಿ ಹೋಗುವ ಸ್ಥಿತಿಯಲ್ಲಿ ಅದು ಇರುವುದಿಲ್ಲ. ಈ ಏರ್ಪಾಡಿಗೆ ಒಂದೇ ಒಂದು ದೌರ್ಬಲ್ಯ. ಹೊರಗೆ ಹೋದ ಗಂಡು ವಾಪಸು ಬಾರದಿದ್ದರೆ ಒಳಗಿರುವ ಹೆಣ್ಣು, ಮರಿ ಎಲ್ಲದಕ್ಕೂ ಅಪಾಯ. ಫೆಬ್ರವರಿಯಿಂದ ಮೇ ತನಕ ಹಾರಾಡುವ ಗಂಡು ಒಂದಕ್ಕೆ ಗುಂಡು ಬಿದ್ದರೆ ಹೋಗುವುದು ಒಂದೇ ಜೀವ ಅಂತ ತಿಳಿಯಬಾರದು.

ಊಟದ ಮುಖ್ಯ ಪಾಲು ಅತ್ತಿ, ಗೋಳಿ, ಬಸರಿ ಜಾತಿಯ ಹಣ್ಣುಗಳದ್ದು. ಉಳಿದ ಮರಗಳಿಗೆ ಹಣ್ಣು ಬಿಡಲು ಒಂದು ಋತು ಉಂಟು. ಅತ್ತಿ ಜಾತಿಯ ಮರಗಳು ಹಾಗಲ್ಲ, ಒಂದು ಮರ ಮುಗಿಸುವಾಗ ಇನ್ನೊಂದು ಶುರುಮಾಡುತ್ತದೆ, ವರ್ಷಪೂರ್ತಿ ಎಲ್ಲಾದರೊಂದು ಕಡೆ ಹಣ್ಣು ಇದ್ದೇ ಇರುತ್ತದೆ. ಕಾರಣ ಅವುಗಳ ಹೂವು ಹಣ್ಣಿನೊಳಗೇ ಅಡಗಿದ್ದು, ಅದಕ್ಕೆ ಪರಾಗ ಮುಟ್ಟಿಸುವ ಕೆಲಸ ಸಾಸಿವೆಗಿಂತ ಸಣ್ಣ ಒಂದು ಕಣಜದ್ದು. ಆ ಕಣಜ ಬದುಕುವುದು ಒಂದೆರಡು ದಿನ. ಅದರ ಸಂತಾನ ಮುಂದುವರಿಯಬೇಕಾದರೆ ಯಾವಾಗಲೂ ಯಾವುದಾದರೂ ಮರದಲ್ಲಿ ಎಳೆಗಾಯಿ ತಯಾರಿರಬೇಕು. ಹೀಗೆ ಕಣಜಕ್ಕಾಗಿ ಮರ ನಡೆಸುವ ವ್ಯವಸ್ಥೆಯಿಂದ ಮಂಗಟ್ಟೆಗೆ ಹನ್ನೆರಡು ತಿಂಗಳೂ ಊಟ. ಹಕ್ಕಿ ಋಣ ಇಟ್ಟುಕೊಳ್ಳುವುದಿಲ್ಲ. ಸಣ್ಣ ಬೀಜ ಹಿಕ್ಕೆಯಲ್ಲಿ, ದೊಡ್ಡ ಬೀಜ ಬಾಯಿಂದ ಉಗುಳಿ, ಗುಡ್ಡದ ತುಂಬ ಬಿತ್ತುತ್ತದೆ. ಮಲೆಯಾಳದಲ್ಲಿ ಮಳೆಗೆ ಬಾಯಿಬಿಟ್ಟು ಕಾಯುವವರನ್ನು ವೇಳಾಂಬಲಿಗೆ ಹೋಲಿಸುತ್ತಾರೆ. ಮಂಗಟ್ಟೆಗೆ ಬೇಕಾದ ನೀರಿನ ಬಹುಪಾಲು ಹಣ್ಣಿನಿಂದಲೇ ಸಿಗುತ್ತದೆ, ಅದು ನೀರಿಗೆ ಇಳಿಯುವುದನ್ನು ಜನ ಕಾಣುವುದು ಅಪರೂಪ. ಆ ಮಾತು ಅಲ್ಲಿಂದಲೇ ಹುಟ್ಟಿದ್ದಿರಬೇಕು.

ಈಗ ಮನುಷ್ಯರ ಕಡೆಗೆ ಬರೋಣ. ಸ್ವಾತಂತ್ರ್ಯದ ಬಳಿಕ ಈ ದ್ವೀಪ ಭಾರತದ್ದೋ ಬರ್ಮಾದ್ದೋ ಎಂಬ ಪ್ರಶ್ನೆ ಸಣ್ಣದಾಗಿ ಹೊಗೆಯಾಡುತ್ತಿತ್ತು. ನಮ್ಮಂಥ ಗಡಿಯವರಿಗೆ ಈ ಸಂಗತಿ ವಿವರಿಸಿ ಹೇಳಬೇಕಾಗಿಲ್ಲ. ಜನ ಇಲ್ಲದ ಜಾಗ ತನ್ನದು ಅಂತ ತೋರಿಸಲು ಸರಕಾರ ಮಾಡುವ ಮೊದಲ ಕೆಲಸ ಅಲ್ಲಿ ತನ್ನವರನ್ನು ಕೂರಿಸುವುದು. 1960ರ ದಶಕದ ಕೊನೆಗೆ ನಾರ್ಕೊಂಡಮಿನಲ್ಲಿ ಅಂಡಮಾನ್ ಪೊಲೀಸರ ಒಂದು ಹೊರಠಾಣೆ ಬಂತು. ಹತ್ತಿಪ್ಪತ್ತು ಜನ, ಸರದಿ ಪ್ರಕಾರ ಬಂದು ಹೋಗುವವರು. 1977ರಲ್ಲಿ ದ್ವೀಪವನ್ನು ಅಭಯಾರಣ್ಯ ಎಂದು ಸಾರಿದರು. 1986ರ ಡಿಸೆಂಬರಿನಲ್ಲಿ ಭಾರತ ಮತ್ತು ಬರ್ಮಾ ನಡುವೆ ಕಡಲಗಡಿ ಒಪ್ಪಂದವಾಗಿ, ಗೆರೆ ಎಳೆದಾಗ ನಾರ್ಕೊಂಡಮ್ ಭಾರತದ ಬದಿಗೆ ಖಾಯಂ ಆಯಿತು. ಗಡಿಯ ತಕರಾರು ಮುಗಿದರೂ ಠಾಣೆ ಉಳಿಯಿತು.

ಠಾಣೆ ಎಂದರೆ ಏನು? ವಾಸಕ್ಕೆ ಮನೆ, ಒಲೆಗೆ ಸೌದೆ, ತಟ್ಟೆಗೆ ತರಕಾರಿ. ದಡದ ಹತ್ತಿರ ಒಂದಷ್ಟು ಕಾಡು ಕಡಿದು ತೆಂಗು, ಬಾಳೆ ಹಾಕಿದರು. ಆರಂಭದ ವರ್ಷಗಳಲ್ಲಿ ಹಕ್ಕಿ ಹೊಡೆದು ತಿಂದದ್ದೂ ಉಂಟು ಎಂದು ಅಲ್ಲಿಗೆ ಹೋದ ತಜ್ಞರ ವರದಿಗಳು ಹೇಳುತ್ತವೆ. ಅದನ್ನು ಓದಿ ಆ ಪೊಲೀಸರ ಮೇಲೆ ಸಿಟ್ಟು ಮಾಡುವುದು ಸುಲಭ. ಆದರೆ ಮನೆ ಮಕ್ಕಳನ್ನು ಬಿಟ್ಟು, ದೋಣಿ ಯಾವಾಗ ಬರುತ್ತದೋ ಎಂದು ಕಾಯುತ್ತ, ಬಂದ ಅಕ್ಕಿ ಬೇಳೆಯಲ್ಲಿ ದಿನ ದೂಡುವ ಕಾನ್‌ಸ್ಟೇಬಲಿಗೆ ಎದುರು ಕೂತ ಹಕ್ಕಿ ಲೋಕದಲ್ಲಿ ಇನ್ನೆಲ್ಲೂ ಇಲ್ಲ ಎಂದು ಯಾರು ಹೇಳಿದ್ದರು?

ಮಾಂಸದ ಈ ತೊಂದರೆ ನೀಗಲಿ ಅಂತಲೇ 1976ರಲ್ಲಿ ದ್ವೀಪಕ್ಕೆ ಆಡು ತಂದು ಬಿಟ್ಟರು. ಆಡಿನ ಗುಣ ನಮಗೆ ಗೊತ್ತಿದ್ದದ್ದೇ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ನಮ್ಮ ಅಜ್ಜಿಯರ ಕಾಲದ್ದು. ಹುಲಿ ಚಿರತೆ ಇಲ್ಲ, ನರಿ ಇಲ್ಲ, ಕಟ್ಟುವ ಗೂಟವಿಲ್ಲ. ಆಡುಗಳು ಕಾಡು ಸೇರಿ ನೂರಾರಾದವು. ತೊಂದರೆ ಹಕ್ಕಿಗೆ ನೇರವಾಗಿ ತಟ್ಟಲಿಲ್ಲ. ಮರದ ಮೇಲಿರುವ ಹಕ್ಕಿಗೂ ನೆಲದ ಮೇಲಿರುವ ಆಡಿಗೂ ಏನು ಸಂಬಂಧ ಅಂತ ಕೇಳಿದರೆ ಒಂದು ಕ್ಷಣಕ್ಕೆ ಉತ್ತರ ಹೊಳೆಯುವುದಿಲ್ಲ. ಮೇಲೆ ನೋಡಿದರೆ ಕಾಡು ಹಸಿರಾಗಿಯೇ ಇತ್ತು. ಕೆಳಗೆ ನೋಡಿದವರಿಗೆ ಮಾತ್ರ ಕಂಡದ್ದು: ಮುದುಕರಿದ್ದಾರೆ, ನಡುವಯಸ್ಸಿನವರಿದ್ದಾರೆ, ಮಕ್ಕಳೇ ಇಲ್ಲದ ಊರಿನ ಹಾಗೆ ಸಸಿಗಳೇ ಇಲ್ಲದ ಕಾಡು.

ಕೆಳಗೆ ನೋಡಿ ಹೇಳಿದವರಲ್ಲಿ ಮುಖ್ಯವಾಗಿ ನೆನೆಯಬೇಕಾದ ಹೆಸರು ರವಿ ಶಂಕರನ್. ನೀಲಗಿರಿಯ ಬುಡದಲ್ಲಿ, ಕೊಯಮತ್ತೂರಿನ ಹತ್ತಿರ ಆನೈಕಟ್ಟಿಯಲ್ಲಿರುವ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು. ಅಂಡಮಾನ್-ನಿಕೋಬಾರಿನ ಹಕ್ಕಿಗಳಿಗಾಗಿ ತಮ್ಮ ಆಯುಷ್ಯದ ಬಹುಭಾಗ ಸವೆಸಿದವರು. 1990ರ ದಶಕದ ಕೊನೆಗೆ ನಾರ್ಕೊಂಡಮಿಗೆ ಹೋಗಿ, ಮಂಗಟ್ಟೆ, ಗೂಡುಮರ, ಆಡು ಎಲ್ಲದರ ಲೆಕ್ಕ ತೆಗೆದು 2000ದಲ್ಲಿ ವರದಿ ಕೊಟ್ಟರು. ಅವರ ಹಾಗೂ ಅವರಿಗೂ ಹಿಂದುಮುಂದಿನ ಎಣಿಕೆಗಳಲ್ಲಿ ಮಂಗಟ್ಟೆಗಳ ಸಂಖ್ಯೆ ಮುನ್ನೂರರಿಂದ ಆರುನೂರರೊಳಗೆ ಬಂದಿತ್ತು. ಆಡನ್ನು ತೆಗೆಯಿರಿ ಎಂಬುದು ಒತ್ತಿ ಹೇಳಿದ ಮಾತು. ಸರಕಾರಿ ವರದಿಗಳ ಗತಿ ನಮಗೆ ತಿಳಿದೇ ಇದೆ, ಆದರೆ ಈ ಸಲ ಮಾತು ನಡೆಯಿತು. 2000ದ ಬಳಿಕದ ವರ್ಷಗಳಲ್ಲಿ ಆಡುಗಳನ್ನು ಹಿಡಿದು ಸಾಗಿಸಿ ದ್ವೀಪವನ್ನು ಖಾಲಿ ಮಾಡಿದರು. ಬೇಟೆಯೂ ನಿಂತಿತು. ಶಂಕರನ್ 2009ರ ಜನವರಿಯಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ಹೃದಯಾಘಾತದಿಂದ ತೀರಿಕೊಂಡರು.

ಅವರು ಹೋದ ಮೂರೇ ವರ್ಷಕ್ಕೆ ದ್ವೀಪದ ಹೆಸರು ದೆಹಲಿಯ ಪತ್ರಿಕೆಗಳಲ್ಲಿ ಬಂತು. 2008ರ ನವೆಂಬರಿನಲ್ಲಿ ಮುಂಬಯಿಗೆ ಭಯೋತ್ಪಾದಕರು ಬಂದದ್ದು ಸಮುದ್ರದ ದಾರಿಯಲ್ಲಿ. ಆ ಮೇಲೆ ದೇಶದ ಕರಾವಳಿಯುದ್ದಕ್ಕೂ ರಾಡಾರ್ ನಿಲ್ಲಿಸುವ ಕೆಲಸ ಚುರುಕಾಯಿತು. ನಾರ್ಕೊಂಡಮಿನಲ್ಲೂ ಒಂದು ರಾಡಾರ್, ಅದಕ್ಕೆ ಡೀಸೆಲ್ ಜನರೇಟರ್, ಮೇಲೆ ಹತ್ತಲು ರಸ್ತೆ ಬೇಕು ಎಂದು ಕೋಸ್ಟ್ ಗಾರ್ಡ್ ಕೇಳಿತು. ಹತ್ತಿರದಲ್ಲೇ ಮ್ಯಾನ್ಮಾರಿನ ಕೊಕೊ ದ್ವೀಪಗಳಿದ್ದು, ಅಲ್ಲಿ ಚೀನಾದ ಕಣ್ಣಿದೆ ಎಂಬ ಗುಮಾನಿ ಹಳೆಯದು. ಕೇಳಿದ್ದು ಸುಮ್ಮಸುಮ್ಮನೆ ಅಲ್ಲ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪರವಾಗಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿರ್ದೇಶಕ ಅಸದ್ ರಹಮಾನಿ ದ್ವೀಪಕ್ಕೆ ಹೋಗಿ ನೋಡಿ ಬಂದು, ಇದು ಬೇಡ ಎಂದರು. 2012ರ ಆಗಸ್ಟಿನಲ್ಲಿ ಆಗಿನ ಪರಿಸರ ಸಚಿವೆ ಜಯಂತಿ ನಟರಾಜನ್ ಪ್ರಸ್ತಾಪ ತಳ್ಳಿಹಾಕಿದರು. ಸರಕಾರ ಬದಲಾದ ಮೇಲೆ 2014ರಲ್ಲಿ ಸಚಿವ ಪ್ರಕಾಶ್ ಜಾವಡೇಕರ್ ಒಪ್ಪಿಗೆ ಕೊಟ್ಟರು.

ಈ ವಿವಾದವನ್ನು ಆಗ ‘ದೇಶ ಮುಖ್ಯವೋ ಹಕ್ಕಿ ಮುಖ್ಯವೋ’ ಎಂದು ಚರ್ಚಾಸ್ಪರ್ಧೆಯ ವಿಷಯದ ಹಾಗೆ ಮಾಡಿದರು. ಇದು ಮಾತನ್ನು ಹಾಳುಮಾಡುವ ರೀತಿ. ರಾಡಾರಿಗೆ ಕೇಳಿದ ಕಾಡು ಒಂದು ಹೆಕ್ಟೇರಿಗೂ ಕಡಿಮೆ. ಅಷ್ಟು ಮರ ಹೋದರೆ ಹಕ್ಕಿ ನಾಶವಾಗುತ್ತದೆ ಎಂದು ಯಾವ ತಜ್ಞನೂ ಹೇಳಲಾರ. ಭಯ ಇದ್ದದ್ದು ಬೇರೆ ಕಡೆ: ಸಿಮೆಂಟು, ಕಬ್ಬಿಣ, ಡೀಸೆಲ್ ಹೊತ್ತು ಬರುವ ದೋಣಿಗಳಲ್ಲಿ ಕೇಳದೆ ಬರುವ ಅತಿಥಿಗಳ ಬಗ್ಗೆ. ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದಲ್ಲಿ ಆದದ್ದನ್ನು ನೋಡಿ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅಮೆರಿಕದ ಸೇನೆಯ ಸರಕಿನ ಜೊತೆ ಕಂದು ಬಣ್ಣದ ಮರಹಾವು ಒಂದು ಅಲ್ಲಿಗೆ ಇಳಿಯಿತು. ಮೊದಲು ಯಾರೂ ಲೆಕ್ಕಕ್ಕಿಡಲಿಲ್ಲ. ನಲವತ್ತು ವರ್ಷದಲ್ಲಿ ಗ್ವಾಮಿನ 12 ಕಾಡುಹಕ್ಕಿಗಳಲ್ಲಿ 10 ಆ ದ್ವೀಪದಿಂದ ಮಾಯವಾದವು. ಯಾರೂ ಹಕ್ಕಿಗೆ ಕೇಡು ಬಯಸಿರಲಿಲ್ಲ. ಪೆಟ್ಟಿಗೆ ಇಳಿಸಿದರು, ಅಷ್ಟೆ. ಗ್ವಾಮ್ ಸುಮಾರು 540 ಚದರ ಕಿ.ಮೀ.ನ ದ್ವೀಪ. ನಾರ್ಕೊಂಡಮ್ ಏಳು. ರಾಡಾರ್ ಬೇಕೋ ಬೇಡವೋ ಎಂಬುದಕ್ಕಿಂತ ದೋಣಿಯಲ್ಲಿ ಏನು ಬರುತ್ತದೆ, ಅದನ್ನು ಯಾರು ತಪಾಸಣೆ ಮಾಡುತ್ತಾರೆ ಎಂಬುದೇ ಕೇಳಬೇಕಾದ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಆ ಚರ್ಚೆ ಪತ್ರಿಕೆಗಳಲ್ಲಿ ನಡೆದದ್ದು ಕಡಿಮೆ.

ಕೊನೆಗೆ, ಸಂತೋಷದ ಒಂದು ಸುದ್ದಿಯೂ ಉಂಟು. 2019ರ ಕೊನೆಯಿಂದ 2020ರ ಆರಂಭದವರೆಗೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹಿತ್ ನಾನಿವಡೇಕರ್ ಮತ್ತು ಸಂಗಡಿಗರು ದ್ವೀಪದಲ್ಲಿ ಉಳಿದು ಅಧ್ಯಯನ ಮಾಡಿದರು. ಕಡಿದಾದ ಕಾಡಿನಲ್ಲಿ ಹಕ್ಕಿ ಎಣಿಸುವುದು ಕೊಟ್ಟಿಗೆಯ ದನ ಎಣಿಸಿದ ಹಾಗಲ್ಲ. ಗೊತ್ತುಮಾಡಿದ ಜಾಡುಗಳಲ್ಲಿ ಮತ್ತೆ ಮತ್ತೆ ನಡೆದು, ಕಂಡ ಪ್ರತಿ ಹಕ್ಕಿ ಜಾಡಿನಿಂದ ಎಷ್ಟು ದೂರ ಇತ್ತು ಎಂದು ಬರೆದುಕೊಳ್ಳುತ್ತಾರೆ. ದೂರ ಹೆಚ್ಚಿದ ಹಾಗೆ ಎಷ್ಟು ಹಕ್ಕಿ ಕಣ್ತಪ್ಪುತ್ತದೆ ಎಂಬುದನ್ನು ಅದರಿಂದ ಲೆಕ್ಕ ಹಾಕಿ, ಕಾಣದವುಗಳನ್ನೂ ಸೇರಿಸಿ ಅಂದಾಜು ಮಾಡುತ್ತಾರೆ. ಅವರಿಗೆ ಸಿಕ್ಕಿದ ಅಂದಾಜು ಚದರ ಕಿ.ಮೀ.ಗೆ ಸುಮಾರು 150 ಹಕ್ಕಿ. ಇಡೀ ದ್ವೀಪಕ್ಕೆ ಸಾವಿರದಷ್ಟು. ಲೋಕದ ಯಾವ ಕಾಡಿನಲ್ಲೂ ಮಂಗಟ್ಟೆಗಳು ಇಷ್ಟು ದಟ್ಟವಾಗಿ ಇದ್ದದ್ದು ದಾಖಲಾದದ್ದು ತೀರಾ ಅಪರೂಪ. ಹಿಂದಿನ ಎಣಿಕೆಯ ಕ್ರಮಗಳು ಬೇರೆ ಬೇರೆ ಆದ್ದರಿಂದ ಮುನ್ನೂರು ಇದ್ದದ್ದು ಸಾವಿರವಾಯಿತು ಎಂದು ನೇರವಾಗಿ ಹೇಳುವಂತಿಲ್ಲ. ಆದರೆ ಹಕ್ಕಿ ಚೆನ್ನಾಗಿದೆ ಎಂಬುದರಲ್ಲಿ ಸಂಶಯವಿಲ್ಲ.

ಮಕ್ಕಳಿಗೆ ಹೇಳುವಾಗ ಮಾಸ್ತರರು ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಅಪರೂಪದ ಹಕ್ಕಿ’ ಅಂದರೆ ಎಲ್ಲೋ ಒಂದೊಂದು ಕಾಣುವ, ಸೋತು ಸೊರಗಿದ ಹಕ್ಕಿ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ನಾರ್ಕೊಂಡಮಿನಲ್ಲಿ ಇಳಿದವರಿಗೆ ಮಂಗಟ್ಟೆ ನಮ್ಮ ಕಾಗೆ ಕಂಡಷ್ಟು ಸಲೀಸಾಗಿ ಕಾಣುತ್ತದೆ. ಒಂದು ಸಾಧಾರಣ ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿರುತ್ತದೋ ಲೋಕದಲ್ಲಿ ಒಟ್ಟು ಅಷ್ಟೇ ಹಕ್ಕಿಗಳಿವೆ, ಆದರೆ ಅವೆಲ್ಲ ಒಂದೇ ಅಂಗಳದಲ್ಲಿವೆ. ಅದು ಅಪರೂಪವಾದದ್ದು ಅಂಗಳ ಸಣ್ಣದಾದ್ದರಿಂದ. ಒಂದು ದೊಡ್ಡ ಚಂಡಮಾರುತ, ಒಂದು ರೋಗ, ಒಂದು ಗರ್ಭಿಣಿ ಹಾವು ಬಂದರೆ ಓಡಿಹೋಗಲು ಪಕ್ಕದ ಕಾಡು ಅಂತ ಇಲ್ಲ.

ಆಡುಗಳ ಲೆಕ್ಕ ಕೂಡಾ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ. ಅತ್ತಿ ಗೋಳಿಗಳಲ್ಲಿ ಹಲವು ಜಾತಿ ಹಕ್ಕಿಯ ಹಿಕ್ಕೆಯಿಂದ ಬೇರೆ ಮರದ ಕವಲಿನ ಮೇಲೆಯೇ ಮೊಳೆತು ಬೇರು ಕೆಳಗೆ ಇಳಿಸುವಂಥವು, ಅವಕ್ಕೆ ಆಡಿನ ಬಾಯಿ ಎಟುಕುವುದಿಲ್ಲ. ಆದರೆ ಗೂಡಿಗೆ ಪೊಟರೆ ಕೊಡುವ ದೊಡ್ಡ ಮರಗಳು ನೆಲದಿಂದಲೇ ಏಳಬೇಕು. 1976ರಿಂದ ಇಪ್ಪತ್ತೈದು ವರ್ಷದಷ್ಟು ಕಾಲ ಮೊಳೆತ ಸಸಿಗಳನ್ನು ಆಡು ತಿಂದಿತು. ಅವು ಉಳಿದಿದ್ದರೆ ಇವತ್ತಿಗೆ ಎಳೆಯ ಮರ ಅಷ್ಟೆ, ಪೊಟರೆಯಾಗಲು ಇನ್ನೂ ಎಷ್ಟೋ ದಶಕ ಬೇಕಿತ್ತು. ಈಗ ಹೆಣ್ಣು ಹಕ್ಕಿಗಳು ಬಾಗಿಲು ಮೆತ್ತಿಕೊಳ್ಳುತ್ತಿರುವುದು ಹ್ಯೂಮ್ ಬಂದ ಕಾಲದಲ್ಲೋ ಅದರ ಸುತ್ತಮುತ್ತಲೋ ಸಸಿಯಾಗಿದ್ದ ಮರಗಳಲ್ಲಿ. ಆ ಮುದಿಮರಗಳು ಒಂದೊಂದಾಗಿ ಗಾಳಿಗೆ ಬೀಳುವ ಹೊತ್ತಿಗೆ ಅವುಗಳ ಜಾಗ ಹಿಡಿಯಬೇಕಾದ ಸಾಲಿನಲ್ಲಿ ಒಂದು ತಲೆಮಾರಿನ ಮರಗಳು ಕಡಿಮೆ ಇರುತ್ತವೆ. ಆಡು ಹೋದ ಮೇಲೆ ಮೊಳೆತ ಸಸಿಗಳಿಗೆ ಈಗ ಇಪ್ಪತ್ತರ ಆಸುಪಾಸಿನ ಪ್ರಾಯ.